ಸೂಜಿಮೊನೆ: ಕೂರಿಗೆಗೆ ಒಂದು ಅಂಕ, ತುಂಡು ಹಾಡಿಗೆ ಅರ್ಧ

ಹೊಸ ಓದುಗರಿಗಾಗಿ ಎರಡು ಮಾತು. ಹಾಸನದ ಹಳೆಯ ಬಸ್ ನಿಲ್ದಾಣದ ಹತ್ತಿರ ಹದಿನೇಳು ವರ್ಷ ಕ್ಯಾಸೆಟ್ ಅಂಗಡಿ ಇಟ್ಟುಕೊಂಡಿದ್ದವನು ನಾನು. ಆ ಮಳಿಗೆಯಲ್ಲಿ ಈಗ ಅಣ್ಣನ ಮಗ ಮೊಬೈಲ್ ಕವರ್ ಮಾರುತ್ತಾನೆ. ಮೇಲಿನ ಅಟ್ಟ ಮಾತ್ರ ಇನ್ನೂ ನನ್ನ ವಶದಲ್ಲಿದೆ. ತಿಂಗಳ ಎರಡನೆಯ ಭಾನುವಾರ ಸಂಜೆ ಅಲ್ಲಿ ಹಳೆಯ ರಾಕ್ ಸಂಗೀತದ ರಸಪ್ರಶ್ನೆ ಆಟ ನಡೆಯುತ್ತದೆ. ಮೂವರಿಗೊಂದು ತಂಡ. ಸೋತವರು ಎಲ್ಲರ ಕಾಫಿಯ ಲೆಕ್ಕ ಕೊಡಬೇಕು. ಗೆದ್ದವರಿಗೆ ಸಕಲೇಶಪುರದ ಗೆಳೆಯರ ತೋಟದಿಂದ ಬಂದ, ಚಿಕೋರಿ ಸೇರದ ಅರ್ಧ ಕಿಲೋ ಪುಡಿ. ಇಷ್ಟಕ್ಕೇ ಜನ ಜಗಳವಾಡುತ್ತಾರೆ ಎಂದರೆ ನಂಬುತ್ತೀರಾ? ಈ ಸಲ ಬಂದ ಪತ್ರಗಳನ್ನು ನೋಡಿ.

ಪ್ರಶ್ನೆ: ಕಳೆದ ತಿಂಗಳು ನೀವು "ಜೆಥ್ರೊ ಟಲ್ ತಂಡದಲ್ಲಿ ಜೆಥ್ರೊ ಟಲ್ ಯಾರು?" ಎಂದು ಕೇಳಿದಿರಿ. "ಆ ಹೆಸರಿನವರು ತಂಡದಲ್ಲಿ ಯಾರೂ ಇಲ್ಲ" ಎಂದೆವು. ಅದು ಸತ್ಯ. ಆದರೆ ಮೊಮ್ಮಗನನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಹಿರಿಯರೊಬ್ಬರು "ಕೂರಿಗೆ ಮಾಡಿದವನಲ್ಲವೇ?" ಎಂದದ್ದಕ್ಕೆ ಅಂಕ ಕೊಟ್ಟು ನಮ್ಮನ್ನು ಸೋಲಿಸಿದಿರಿ. ಅವರು ಆ ತಂಡದ ಒಂದು ಹಾಡನ್ನೂ ಕೇಳಿದವರಲ್ಲ. ಇದು ನ್ಯಾಯವೇ?
ಓದುಗರೊಬ್ಬರು, ಸಕಲೇಶಪುರ

ಉತ್ತರ: ನಿಮ್ಮ ಉತ್ತರ ತಪ್ಪಲ್ಲ, ಅರೆಬೆಂದದ್ದು. "ಯಾರು?" ಎಂದವನಿಗೆ "ಯಾರೂ ಇಲ್ಲ" ಎನ್ನುವುದು, ಸಾಲ ಕೇಳಲು ಬಂದವನಿಗೆ ಯಜಮಾನರು ಊರಲ್ಲಿಲ್ಲ ಎಂದು ಕದ ಹಾಕಿಕೊಂಡ ಹಾಗೆ. ಊರಲ್ಲಿಲ್ಲದಿದ್ದರೆ ಎಲ್ಲಿದ್ದಾರೆ ಎಂದು ಹೇಳಬೇಡವೇ?

ಜೆಥ್ರೊ ಟಲ್ 1674ರಲ್ಲಿ ಹುಟ್ಟಿ 1741ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಜಮೀನುದಾರ. 1701ರ ಸುಮಾರಿಗೆ ಸಾಲು ಹಿಡಿದು ಬೀಜ ಬಿತ್ತುವ ಸಾಧನವನ್ನು, ಅಂದರೆ ಒಂದು ಬಗೆಯ ಕೂರಿಗೆಯನ್ನು, ರೂಪಿಸಿದವನು. ಮುಂದೆ ಅದನ್ನು ಕುದುರೆ ಎಳೆಯಿತು. ಅಲ್ಲಿಯವರೆಗೆ ಅವನ ಸುತ್ತಲಿನವರು ಬೀಜವನ್ನು ಕೈಯಿಂದ ಎರಚುತ್ತಿದ್ದರು. ಹಾಡಿನ ತಂಡಕ್ಕೆ ಈ ಹೆಸರು ಬಂದದ್ದು 1968ರ ಆರಂಭದಲ್ಲಿ. ಆಗ ಆ ಹುಡುಗರ ಕಾರ್ಯಕ್ರಮ ಎಷ್ಟು ಸಾಧಾರಣವಾಗಿತ್ತೆಂದರೆ ಒಮ್ಮೆ ಕರೆದ ಕ್ಲಬ್ಬು ಎರಡನೆಯ ಸಲ ಕರೆಯುತ್ತಿರಲಿಲ್ಲ. ಹಾಗಾಗಿ ಹೋದಲ್ಲೆಲ್ಲ ಹೊಸ ಹೆಸರು ಹೇಳಿಕೊಂಡು ಮತ್ತೆ ಒಳಗೆ ನುಸುಳುತ್ತಿದ್ದರು. ಕಾರ್ಯಕ್ರಮ ಗೊತ್ತುಮಾಡುವ ಕಚೇರಿಯಲ್ಲಿದ್ದ, ಇತಿಹಾಸದ ಹುಚ್ಚಿದ್ದ ಒಬ್ಬರು ಒಂದು ವಾರಕ್ಕೆ ಈ ರೈತನ ಹೆಸರು ಕೊಟ್ಟರು. ಲಂಡನ್ನಿನ ಮಾರ್ಕೀ ಕ್ಲಬ್ಬಿನವರು ಮೆಚ್ಚಿ ಮತ್ತೆ ಬನ್ನಿ ಎಂದದ್ದು ಆ ಹೆಸರಿನಲ್ಲಿ ನುಡಿಸಿದಾಗಲೇ. ಹೆಸರು ಅಂಟಿಕೊಂಡಿತು. ಮೊದಲ ರೆಕಾರ್ಡಿನ ಮೇಲೆ ಅಚ್ಚಿನವರು ಅದನ್ನೂ ಕೆಡಿಸಿ "ಜೆಥ್ರೊ ಟೋ" ಎಂದು ಹಾಕಿದರು. ಟೋ ಎಂದರೆ ಕಾಲ್ಬೆರಳು. ಮುಂದೆ ಒಂಟಿಕಾಲಲ್ಲಿ ನಿಂತು ಕೊಳಲು ನುಡಿಸಿ ಹೆಸರಾದ ಇಯಾನ್ ಆಂಡರ್ಸನ್ನನ ತಂಡಕ್ಕೆ ಇದೇನೂ ಕೆಟ್ಟ ಹೆಸರಲ್ಲ ಎಂದು ನನಗೆ ಅನ್ನಿಸುತ್ತದೆ. ನಮ್ಮ ಹಳೇಬೀಡಿನ ಗೋಡೆಯ ವೇಣುಗೋಪಾಲನಾದರೂ ಕಾಲನ್ನು ಅಡ್ಡ ಹಾಕಿ ನಿಂತಿದ್ದಾನೆ. ಈ ಮಹಾರಾಯ ಮಂಡಿಯನ್ನೇ ಮೇಲೆತ್ತುತ್ತಾನೆ.

ಇನ್ನು ಆ ಹಿರಿಯರ ಮಾತು. ಅವರು ಕೃಷಿ ಇಲಾಖೆಯಲ್ಲಿದ್ದು ನಿವೃತ್ತರಾದವರು, ಅರಸೀಕೆರೆ ಕಡೆಯವರು. ಜೆಥ್ರೊ ಟಲ್ ಎಂಬ ಹೆಸರನ್ನು ತರಬೇತಿಯ ಕಾಲದಲ್ಲಿ ಪುಸ್ತಕದಲ್ಲಿ ಓದಿದ್ದರಂತೆ. ನೀವು ಕೋಪದಲ್ಲಿ ಮೆಟ್ಟಿಲಿಳಿದು ಹೋದ ಮೇಲೆ ಅವರು ಸ್ಟೂಲಿನ ಮೇಲೆ ಕುಳಿತು ನಮಗೆ ಕೂರಿಗೆಯ ಬಿತ್ತನೆಯನ್ನು ಅಭಿನಯಿಸಿಯೇ ತೋರಿಸಿದರು. ಎಡಗೈ ಗಾಳಿಯಲ್ಲಿ ಹಿಡಿಕೆಯನ್ನು ಅದುಮಿ ಹಿಡಿದಿತ್ತು. ಬಲಗೈ ಮುಷ್ಟಿಯಿಂದ, ಹೆಬ್ಬೆರಳು ತೋರುಬೆರಳ ಸಂದಿಯಲ್ಲಿ, ರಾಗಿ ಮೇಲಿನ ಬಟ್ಟಲಿಗೆ ಒಂದೇ ಸಮ ಇಳಿಯುತ್ತಿತ್ತು. ಬಟ್ಟಲಿನಿಂದ ಬಿದಿರಿನ ಕೊಳವೆಗಳಲ್ಲಿ ಹರಿದು ಸಾಲು ಸಾಲಾಗಿ ಮಣ್ಣಿಗೆ ಬೀಳಬೇಕು. "ಎತ್ತಿನ ನಡಿಗೆ ಬದಲಾದರೆ ಕೈಯ ಲಯ ಬದಲಾಗಬೇಕು. ಇಲ್ಲದಿದ್ದರೆ ಒಂದು ಕಡೆ ಪೈರು ದಟ್ಟ, ಇನ್ನೊಂದು ಕಡೆ ಬೋಳು" ಎಂದರು. ನಮ್ಮವರು ಟಲ್‌ಗಿಂತ ಬಹಳ ಹಿಂದಿನಿಂದ ಇದನ್ನು ಮಾಡುತ್ತಿದ್ದರು ಎಂಬುದನ್ನೂ ಸೇರಿಸಿದರು. ಆ ಹದಿನೈದು ನಿಮಿಷದಲ್ಲಿ ಡ್ರಮ್ಮರ್ ಒಬ್ಬನ ಕೆಲಸ ಏನು ಎಂಬುದನ್ನು ಅವರಷ್ಟು ಚೆನ್ನಾಗಿ ನನಗೆ ಯಾರೂ ತಿಳಿಸಿಕೊಟ್ಟಿರಲಿಲ್ಲ. ಅಂಕ ವಾಪಸು ಪಡೆಯುವುದಿಲ್ಲ.

ಪ್ರಶ್ನೆ: ಹಾಸ್ಟೆಲಿನಲ್ಲಿ ನಾವೂ ಇಂಥ ಆಟ ಶುರುಮಾಡಿದ್ದೇವೆ ಸರ್. ಎಲ್ಲರೂ ಮೇಜಿನ ಕೆಳಗೆ ಮೊಬೈಲ್ ನೋಡಿ ಉತ್ತರ ಹೇಳುತ್ತಾರೆ. ಏನು ಮಾಡುವುದು?
ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ನಮ್ಮ ಅಟ್ಟದಲ್ಲಿ ಅಜ್ಜನ ಕಾಲದ ಹಿತ್ತಾಳೆ ಕೊಳಗವಿದೆ. ಭತ್ತ ಅಳೆಯುತ್ತಿದ್ದದ್ದು. ಬಂದವರೆಲ್ಲ ಮೊಬೈಲನ್ನು ಅದರೊಳಗೆ ಹಾಕಿ ಮೇಲೆ ಬರಬೇಕು. ಒಮ್ಮೆ ಆಟದ ಮಧ್ಯೆ ಕೊಳಗದೊಳಗೆ ಒಂದು ಮೊಬೈಲ್ ರಿಂಗಣಿಸಿತು. ಡೀಪ್ ಪರ್ಪಲ್‌ನ "ಸ್ಮೋಕ್ ಆನ್ ದಿ ವಾಟರ್" ಹಾಡಿನ ಆ ಪ್ರಸಿದ್ಧ ಗಿಟಾರ್ ಪಲುಕು! ಹಿತ್ತಾಳೆಯೊಳಗಿಂದ ಬಂದ ನಾದಕ್ಕೆ ಇಡೀ ಅಟ್ಟ ನಕ್ಕಿತು. ಮೊಬೈಲಿನ ಒಡೆಯರಿಗೆ ದಂಡವಾಗಿ, ನೀರಿನ ಮೇಲೆ ಹೊಗೆ ಎಲ್ಲಿಂದ ಬಂತೆಂದು ಕೇಳಿದೆ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮೊಂತ್ರೊದಲ್ಲಿ ರಾಕ್ ಸಂಗೀತಗಾರ ಫ್ರಾಂಕ್ ಜಾಪ್ಪಾನ ಕಛೇರಿ ನಡೆಯುವಾಗ ಪ್ರೇಕ್ಷಕನೊಬ್ಬ ಬೆಳಕಿನ ಸಂಕೇತ ಕೊಡುವ ಫ್ಲೇರ್ ಬಂದೂಕು ಹಾರಿಸಿ ಕ್ಯಾಸಿನೊ ಕಟ್ಟಡವೇ ಸುಟ್ಟುಹೋಯಿತು. ಅಲ್ಲೇ ಧ್ವನಿಮುದ್ರಣ ಮಾಡಬೇಕಿದ್ದ ಡೀಪ್ ಪರ್ಪಲ್‌ನವರು ಜಿನೀವಾ ಸರೋವರದ ಮೇಲೆ ಹರಡಿದ ಹೊಗೆಯನ್ನು ನೋಡುತ್ತ ನಿಂತರು. ಒಡೆಯರಿಗೆ ಗೊತ್ತಿರಲಿಲ್ಲ. ವರ್ಷವಿಡೀ ಆ ಹಾಡನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ್ದರು.

ಕೊಳಗ ಸಿಗದಿದ್ದರೆ ಮೆಸ್ಸಿನ ಅನ್ನದ ಪಾತ್ರೆ ಆದೀತು. ತೊಳೆದದ್ದಾಗಿರಲಿ.

ಪ್ರಶ್ನೆ: ನಿಮ್ಮ ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಸುಲಭವಾಗುತ್ತಿವೆ. ರೆಕಾರ್ಡಿನ ಕ್ರಮಸಂಖ್ಯೆ, ಧ್ವನಿಮುದ್ರಣದ ತಾರೀಕು, ಎಂಜಿನಿಯರ್ ಹೆಸರು ಇಂಥವನ್ನು ಏಕೆ ಕೇಳುವುದಿಲ್ಲ?
ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಅವು ಪ್ರಶ್ನೆಗಳಲ್ಲ, ರೇಷನ್ ಕಾರ್ಡಿನ ನಂಬರುಗಳು. ಗೊತ್ತಿದ್ದವನು ಹೇಳುತ್ತಾನೆ, ಗೊತ್ತಿಲ್ಲದವನು ಚಾವಣಿ ನೋಡುತ್ತಾನೆ. ನಡುವೆ ಆಟಕ್ಕೆ ಜಾಗವೇ ಇಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಪಿಂಕ್ ಫ್ಲಾಯ್ಡ್ ತಂಡದ "ದಿ ಡಾರ್ಕ್ ಸೈಡ್ ಆಫ್ ದಿ ಮೂನ್" 1973ರಿಂದ 1988ರವರೆಗೆ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಆಲ್ಬಮ್ಮುಗಳ ಪಟ್ಟಿಯಲ್ಲಿ ಒಟ್ಟು 741 ವಾರ ಇತ್ತು. "ಎಷ್ಟು ವಾರ?" ಎಂದರೆ ಅದು ನಿಮ್ಮ ಜಾತಿಯ ಪ್ರಶ್ನೆ. ನಾನು ಕೇಳಿದ್ದು ಹೀಗೆ: ಆ ರೆಕಾರ್ಡು ಬಂದ ವರ್ಷ ಹುಟ್ಟಿದ ಕೂಸು, ರೆಕಾರ್ಡು ಪಟ್ಟಿಯಿಂದ ಇಳಿಯುವ ಹೊತ್ತಿಗೆ ಯಾವ ತರಗತಿಯಲ್ಲಿತ್ತು? ಒಂದು ತಂಡ ಅಂಗನವಾಡಿ ಎಂದಿತು, ಇನ್ನೊಂದು ಐದನೆಯ ತರಗತಿ ಎಂದಿತು. ಮೂರನೆಯ ತಂಡದಲ್ಲಿದ್ದ ಹೈಸ್ಕೂಲ್ ಮೇಷ್ಟ್ರು, "1988ರಲ್ಲಿ ನಾನು ಎಸ್‌ಎಸ್‌ಎಲ್‌ಸಿ. ನನ್ನ ಅಣ್ಣ ಸದಾ ಅದನ್ನೇ ಹಾಕಿಕೊಂಡು ನನ್ನ ಓದು ಕೆಡಿಸುತ್ತಿದ್ದ" ಎಂದು ತಮ್ಮ ಮನೆಯ ಜಗಳದಿಂದಲೇ ಉತ್ತರಕ್ಕೆ ಬಂದು ತಲುಪಿದರು. ನನಗೆ ಇಂಥದ್ದು ಬೇಕು. ಕ್ರಮಸಂಖ್ಯೆ ಬೇಕಾದವರು ಉಗ್ರಾಣದ ಗುಮಾಸ್ತರಾಗಬಹುದು.

ಪ್ರಶ್ನೆ: ಬೀಟಲ್ಸ್ ತಂಡದ ಕೊನೆಯ ಆಲ್ಬಂ ಯಾವುದು? ನಾನು "ಲೆಟ್ ಇಟ್ ಬಿ" ಎಂದರೆ ಮೊಮ್ಮಗಳು "ಆ್ಯಬಿ ರೋಡ್" ಎನ್ನುತ್ತಾಳೆ.
ನಿವೃತ್ತ ಬ್ಯಾಂಕ್ ನೌಕರರು, ಕಡೂರು

ಉತ್ತರ: ಇಬ್ಬರಿಗೂ ಅರ್ಧರ್ಧ. "ಆ್ಯಬಿ ರೋಡ್" 1969ರ ಸೆಪ್ಟೆಂಬರಿನಲ್ಲಿ ಬಂತು, "ಲೆಟ್ ಇಟ್ ಬಿ" 1970ರ ಮೇ ತಿಂಗಳಲ್ಲಿ. ಆದರೆ ಎರಡನೆಯದರ ಹೆಚ್ಚಿನ ಭಾಗ ಮುದ್ರಣವಾದದ್ದು 1969ರ ಜನವರಿಯಲ್ಲೇ. ಮೊದಲು ಬಸುರಾದದ್ದು ತಡವಾಗಿ ಹಡೆಯಿತು. ಪ್ರಶ್ನೆ ಕೇಳುವವರು "ಕೊನೆಗೆ ಬಿಡುಗಡೆಯಾದ" ಎಂದೋ "ಕೊನೆಗೆ ಒಟ್ಟಾಗಿ ಕುಳಿತು ಮಾಡಿದ" ಎಂದೋ ಬಿಡಿಸಿ ಹೇಳಬೇಕು. ಮೊಮ್ಮಗಳಿಗೆ ನನ್ನ ಆಶೀರ್ವಾದ.

ಪ್ರಶ್ನೆ: ನಮ್ಮ ಯಜಮಾನರು ನಿಮ್ಮ ಆಟ ಮುಗಿಸಿ ರಾತ್ರಿ ಹತ್ತೂವರೆಗೆ ಮನೆ ಸೇರುತ್ತಾರೆ. ಮುಂದಿನ ಸಲ ನೀನೂ ಬಾ ಎನ್ನುತ್ತಿದ್ದಾರೆ. ಇಂಗ್ಲಿಷ್ ಹಾಡು ನನಗೆ ಒಂದೂ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಎಂಟು ವರ್ಷ ಕರ್ನಾಟಕ ಸಂಗೀತ ಕಲಿತದ್ದುಂಟು. ಬಂದು ಸುಮ್ಮನೆ ಗೋಡೆ ನೋಡುತ್ತ ಕೂರಬೇಕೇ?
ಗೃಹಿಣಿ, ಬೇಲೂರು

ಉತ್ತರ: ನೀವು ಬರಲೇಬೇಕು. ನಮ್ಮಲ್ಲಿ "ಕಿವಿ ಸುತ್ತು" ಎಂದೊಂದಿದೆ. ಅಲ್ಲಿ ಹೆಸರು, ವರ್ಷ ಏನೂ ಕೇಳುವುದಿಲ್ಲ. ಹಾಡು ಹಾಕುತ್ತೇನೆ, ಕೇಳಿಸಿದ್ದನ್ನು ಹೇಳಬೇಕು.

ಎರಡು ವರ್ಷದ ಹಿಂದೆ ವೀಣೆ ಕಲಿಸುವ ಮಹಿಳೆಯೊಬ್ಬರು ಮೊದಲ ಸಲ ಬಂದಿದ್ದರು. ನಿಮ್ಮ ಹಾಗೆಯೇ ಹಿಂಜರಿದು ಕಿಟಕಿಯ ಪಕ್ಕ ಕುಳಿತಿದ್ದರು. ನಾನು ಪಿಂಕ್ ಫ್ಲಾಯ್ಡ್‌ನ "ಮನಿ" ಹಾಕಿದೆ. ನಾಣ್ಯಗಳ ಸದ್ದು, ಅಂಗಡಿಯ ಗಲ್ಲಾಪೆಟ್ಟಿಗೆಯ ಸದ್ದು, ಕಾಗದ ಹರಿದ ಸದ್ದು, ಇವೇ ತಾಳವಾಗಿ ಹಾಡು ಶುರುವಾಗುತ್ತದೆ. ಈ ಹಾಡಿನ ಮಧ್ಯೆ ಎಲ್ಲೋ ಎಣಿಕೆ ಬದಲಾಗುತ್ತದೆ, ಎಲ್ಲಿ ಎಂಬುದು ನನ್ನ ಪ್ರಶ್ನೆ. ನಮ್ಮ ಹಳೆಯ ಹುಲಿಗಳಿಗೆ ಆ ಆಲ್ಬಮ್ಮಿನ ಹೊದಿಕೆಯ ಬಣ್ಣಗಳೂ ಬಾಯಿಪಾಠ. ಮೂವತ್ತು ವರ್ಷದಿಂದ ಕೇಳುತ್ತಿದ್ದಾರೆ. ಒಬ್ಬರೂ ಎಣಿಸಿ ನೋಡಿರಲಿಲ್ಲ. ಆ ಮಹಿಳೆಯ ಬಲಗೈ ಮಾತ್ರ ತೊಡೆಯ ಮೇಲೆ ಮೆಲ್ಲಗೆ ಬೀಳುತ್ತಿತ್ತು: ತಕಿಟ ತಕಧಿಮಿ, ತಕಿಟ ತಕಧಿಮಿ. ಅಪ್ಪಟ ಮಿಶ್ರ ಛಾಪು, ಏಳೆಣಿಕೆಯ ತಾಳ. ಸ್ಯಾಕ್ಸೊಫೋನ್ ಬಂತು, ಕೈ ಏಳರಲ್ಲೇ ನಡೆಯಿತು. ಅದು ಮುಗಿದು ಗಿಟಾರ್ ನುಗ್ಗಿತು ನೋಡಿ, ಕೈ ಗಾಳಿಯಲ್ಲೇ ನಿಂತಿತು. "ಇಲ್ಲಿ ಏಳು ಹೋಗಿ ನಾಲ್ಕಾಯಿತು" ಎಂದರು. ಗಿಟಾರ್ ಮುಗಿದ ಮೇಲೆ ಮತ್ತೆ ಏಳಕ್ಕೆ ಬಂದದ್ದನ್ನೂ ಅವರೇ ಹಿಡಿದರು. ಅಂದಿನ ಕಾಫಿ ಪುಡಿ ವೀಣೆಯ ಮನೆಗೆ ಹೋಯಿತು.

ಆ ಸದ್ದುಗಳನ್ನು ಹೇಗೆ ತಾಳಕ್ಕೆ ಕೂರಿಸಿದರು ಎಂಬುದು ಟೇಪಿನ ಜೊತೆ ಬದುಕಿದ ನನ್ನಂಥವನಿಗೆ ಹೊಟ್ಟೆಕಿಚ್ಚು ಹುಟ್ಟಿಸುವ ಸಂಗತಿ. ತಂಡದ ರೋಜರ್ ವಾಟರ್ಸ್ ತಮ್ಮ ಹೆಂಡತಿ ಕುಂಬಾರಿಕೆಗೆ ಬಳಸುತ್ತಿದ್ದ ಬೋಗುಣಿಯಲ್ಲಿ ನಾಣ್ಯ ಹಾಕಿ ಮುದ್ರಿಸಿಕೊಂಡರು. ಬೇರೆ ಬೇರೆ ಸದ್ದುಗಳ ಟೇಪನ್ನು ಅಳತೆಪಟ್ಟಿ ಇಟ್ಟು ಒಂದೇ ಉದ್ದಕ್ಕೆ ಕತ್ತರಿಸಿ, ಏಳು ಸದ್ದುಗಳನ್ನು ಅಂಟಿಸಿ, ಬಳೆಯ ಹಾಗೆ ಸುತ್ತಿಸಿ ನುಡಿಸಿದರು. ನಾನೂ ಬ್ಲೇಡಿನಿಂದ ಟೇಪು ಕತ್ತರಿಸಿ ಅಂಟಿಸಿದವನೇ. ನನ್ನದು ರಿಪೇರಿಯಾಯಿತು, ಅವರದ್ದು ತಾಳವಾಯಿತು.

ನಿಮಗಾಗಿ ಇನ್ನೊಂದನ್ನು ಎತ್ತಿಟ್ಟಿದ್ದೇನೆ, ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಕಛೇರಿ ಏರ್ಪಡಿಸಿದ್ದರು. ಮೊದಲು ಕುಳಿತವರು ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ. ಶ್ರುತಿ ಕೂಡಿಸಿಕೊಂಡು ನಿಲ್ಲಿಸಿದ ತಕ್ಷಣ ಜನ ಭರ್ಜರಿ ಚಪ್ಪಾಳೆ ತಟ್ಟಿದರು. ಶ್ರುತಿಯೇ ಇಷ್ಟು ಹಿಡಿಸಿತೆಂದರೆ ವಾದನ ಇನ್ನೂ ಹಿಡಿಸೀತು ಎಂಬರ್ಥದ ಮಾತನ್ನು ರವಿಶಂಕರ್ ನಗುತ್ತ ಆಡಿದರು. ಆ ಶ್ರುತಿ ಕೂಡಿಸಿದ ಭಾಗವನ್ನು ಹಾಕಿ "ಇದು ಯಾವ ರಾಗ?" ಎಂದು ಕೇಳುತ್ತೇನೆ. ನಮ್ಮ ಹುಲಿಗಳು ತಲೆ ಕೆರೆದುಕೊಳ್ಳುತ್ತಾರೆ. ನೀವು ನಗದೆ ಕುಳಿತಿರಬೇಕು, ಅಷ್ಟೇ.

ಪ್ರಶ್ನೆ: ಲೆಡ್ ಜೆಪ್ಲಿನ್ ತಂಡದವರು "ಕಾಶ್ಮೀರ್" ಹಾಡನ್ನು ಬರೆಯುವಾಗ ಕಾಶ್ಮೀರದ ಯಾವ ಊರಿನಲ್ಲಿದ್ದರು?
ಕಾಲೇಜು ವಿದ್ಯಾರ್ಥಿನಿ, ಮೂಡಿಗೆರೆ

ಉತ್ತರ: ಯಾವ ಊರಿನಲ್ಲೂ ಅಲ್ಲ. ಆಗ ಅವರು ಕಾಶ್ಮೀರವನ್ನು ಕಂಡೇ ಇರಲಿಲ್ಲ. ಹಾಡಿನ ಸಾಲುಗಳು ತಂಡದ ಗಾಯಕ ರಾಬರ್ಟ್ ಪ್ಲಾಂಟ್‌ಗೆ ಹೊಳೆದದ್ದು ಮೊರೊಕ್ಕೊ ದೇಶದ ದಕ್ಷಿಣದಲ್ಲಿ, ಮುಗಿಯದ ಬರಡು ದಾರಿಯಲ್ಲಿ ಕಾರಿನಲ್ಲಿ ಹೋಗುವಾಗ. ಹಾಡು ಬಂದದ್ದು 1975ರ "ಫಿಸಿಕಲ್ ಗ್ರಾಫಿಟಿ" ಆಲ್ಬಮ್ಮಿನಲ್ಲಿ. ಅದಕ್ಕೂ ಮೊದಲು 1972ರಲ್ಲಿ ಪ್ಲಾಂಟ್ ಮತ್ತು ಗಿಟಾರಿನ ಜಿಮ್ಮಿ ಪೇಜ್ ಮುಂಬಯಿಗೆ ಬಂದು ಅಲ್ಲಿಯ ವಾದ್ಯಗಾರರ ಜೊತೆ ತಮ್ಮ ಎರಡು ಹಾಡುಗಳನ್ನು ನುಡಿಸಿ ನೋಡಿದ್ದರು. 

ನಮ್ಮ ಆಟದಲ್ಲಿ ಇದೇ ಪ್ರಶ್ನೆ ಬಂದಾಗ ಶ್ರೀನಗರ, ಗುಲ್ಮಾರ್ಗ್ ಎಂದು ಕೂಗು ಎದ್ದಿತು. ಕಾಶ್ಮೀರದಲ್ಲಿ ಆರು ವರ್ಷ ಇದ್ದ ಮಾಜಿ ಸೈನಿಕರೊಬ್ಬರು ಮಾತ್ರ ಪಕ್ಕದವರ ಕಡೆ ತಿರುಗಿ, ಹಾಡಿನಲ್ಲಿ ಏನೇನಿದೆ ಹೇಳಿ ಎಂದರು. ಸುಡುವ ಬಿಸಿಲಿದೆ, ಮರಳಿದೆ ಎಂದರು ಪಕ್ಕದವರು. "ಹಾಗಾದರೆ ಇವರು ನನ್ನ ಕಾಶ್ಮೀರಕ್ಕೆ ಹೋದವರಲ್ಲ" ಎಂದು ಅವರು ಚೀಟಿಯಲ್ಲಿ "ಮರುಭೂಮಿ" ಎಂದು ಬರೆದರು. ಮೊರೊಕ್ಕೊ ಎಂದು ಬರೆಯದಿದ್ದರೂ ಪೂರ್ತಿ ಅಂಕ ಕೊಟ್ಟೆ.

ಪ್ರಶ್ನೆ: ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ ಭಾರತದಲ್ಲಿ ಓದಿದ್ದು ನಿಜವೇ?
ಓದುಗರು, ಆಲೂರು

ಉತ್ತರ: ನಿಜ. ಹುಟ್ಟಿದ್ದು 1946ರಲ್ಲಿ ಜಾಂಜಿಬಾರ್‌ನಲ್ಲಿ, ಪಾರ್ಸಿ ಮನೆಯಲ್ಲಿ, ಫರೂಖ್ ಬಲ್ಸಾರಾ ಎಂಬ ಹೆಸರಿನಿಂದ. ಓದಿದ್ದು ಮಹಾರಾಷ್ಟ್ರದ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ. ಇದನ್ನು ಇನ್ನು ಕೇಳಬೇಡಿ, ಹಾಸನದ ಆಟೊ ಚಾಲಕರಿಗೂ ಗೊತ್ತಾಗಿದೆ.

ಪ್ರಶ್ನೆ: 1986ರಲ್ಲಿ ನಿಮ್ಮ ಅಂಗಡಿಯಲ್ಲಿ ಹಾಡುಗಳ ಪಟ್ಟಿ ಕೊಟ್ಟು ಒಂದು ಕ್ಯಾಸೆಟ್ ತುಂಬಿಸಿಕೊಂಡಿದ್ದೆ. ಮೊದಲ ಬದಿಯ ಕೊನೆಯ ಹಾಡು "ಸ್ಟೇರ್‌ವೇ ಟು ಹೆವನ್". ಎರಡು ತಿಂಗಳ ಹಿಂದಿನ ಆಟದಲ್ಲಿ, ಆ ಹಾಡು ಹೇಗೆ ಮುಗಿಯುತ್ತದೆ ಎಂದು ನೀವು ಕೇಳಿದಾಗ "ಗಿಟಾರ್ ನುಡಿಯುತ್ತಿರುವಾಗಲೇ ಥಟ್ಟನೆ" ಎಂದೆ. ತಪ್ಪು ಎಂದಿರಿ, ಎಲ್ಲರೂ ನಕ್ಕರು. ಮನೆಗೆ ಬಂದು ಕ್ಯಾಸೆಟ್ ಹಾಕಿ ನೋಡಿದೆ. ಥಟ್ಟನೆಯೇ ಮುಗಿಯುತ್ತದೆ. ಈಗ ಏನು ಹೇಳುತ್ತೀರಿ?
ಹಳೆಯ ಗಿರಾಕಿ, ಹೊಳೆನರಸೀಪುರ

ಉತ್ತರ: ಈ ಪತ್ರ ಒಂದು ದಿನ ಬಂದೇ ಬರುತ್ತದೆ ಎಂದು ನನಗೆ ಗೊತ್ತಿತ್ತು.

ಲೆಡ್ ಜೆಪ್ಲಿನ್ ತಂಡದ ಆ ಹಾಡು ಎಂಟು ನಿಮಿಷ ಚಿಲ್ಲರೆ. ಗಿಟಾರ್ ಮುಗಿದ ಮೇಲೆ ಪ್ಲಾಂಟ್ ಎತ್ತರದ ದನಿಯಲ್ಲಿ ಹಾಡುತ್ತಾನೆ. ಕೊನೆಗೆ ವಾದ್ಯಗಳೆಲ್ಲ ನಿಂತು ಅವನ ಒಂಟಿ ದನಿ ಒಂದು ಸಾಲು ಹೇಳಿ ಸುಮ್ಮನಾಗುತ್ತದೆ. ನಿಮ್ಮ ಕ್ಯಾಸೆಟ್ಟಿನಲ್ಲಿ ಅದಿಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದು ಬದಿಗೆ ಮೂವತ್ತು ನಿಮಿಷ. ಹಾಡುಗಳ ಸಮಯವನ್ನು ನಾನು ಬೀಡಿ ಕಟ್ಟಿನ ಕಾಗದದ ಮೇಲೆ ಕೂಡುತ್ತಿದ್ದೆ. ಅಂದು ಕೂಡುವುದರಲ್ಲಿ ಒಂದು ನಿಮಿಷ ಜಾರಿತು. ಟೇಪಿನಲ್ಲಿ ಸ್ವಲ್ಪ ಹೆಚ್ಚಿಗೆ ಇದ್ದೇ ಇರುತ್ತದೆ ಎಂಬ ಧೈರ್ಯ ಬೇರೆ. ಗಿಟಾರ್ ತಾರಕಕ್ಕೆ ಏರಿದ್ದಾಗ ಟಕ್ ಎಂದು ಗುಂಡಿ ಮೇಲೆದ್ದಿತು. ಅಂಗಡಿಯಲ್ಲಿ ಅಂದು ಬೇರೆ ಗಿರಾಕಿಗಳಿದ್ದರು. ನಾನು ಕ್ಯಾಸೆಟ್ ತಿರುಗಿಸಿ ಹಾಕಿದೆ.

ನಿಮಗೊಬ್ಬರಿಗೆ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಆ ರೆಕಾರ್ಡು ಸಕಲೇಶಪುರದ ಪ್ಲಾಂಟರ್ ಒಬ್ಬರದ್ದು. ಟವೆಲಿನಲ್ಲಿ ಸುತ್ತಿ ತಂದು ಒಂದೇ ದಿನಕ್ಕೆ ಕೊಟ್ಟಿದ್ದರು. ಮತ್ತೆ ಸಿಗುವಂತಿರಲಿಲ್ಲ. ಹಾಗಾಗಿ ನಿಮಗೆ ತುಂಬಿಸುವಾಗಲೇ ನನಗೂ ಒಂದು ಇಟ್ಟುಕೊಂಡೆ. ಅದನ್ನೇ ತಾಯಿ ಮಾಡಿಕೊಂಡು ಐದು ವರ್ಷ ಮಕ್ಕಳನ್ನು ಹೆರಿಸಿದೆ. ಅದು ಕಾನೂನು ಒಪ್ಪುವ ವ್ಯಾಪಾರವಲ್ಲ ಎಂಬುದು ಒತ್ತಟ್ಟಿಗಿರಲಿ. ಅರಕಲಗೂಡಿನಿಂದ ಮೂಡಿಗೆರೆಯವರೆಗೆ ಎಷ್ಟು ಮನೆಗಳಲ್ಲಿ ಆ ಹಾಡು ತಲೆ ಇದ್ದೂ ಬಾಲವಿಲ್ಲದೆ ನುಡಿಯಿತೋ ಲೆಕ್ಕವಿಲ್ಲ. ವಿದ್ಯುತ್ ಹೋಗಿ ದನಿ ಗೊಗ್ಗರಾಗಿ ನಿಂತದ್ದೂ ಒಂದು ಹಾಡಿನಲ್ಲಿ ಮುದ್ರಣವಾಗಿತ್ತು. ಅದನ್ನು ಕೊಂಡ ಹುಡುಗ "ಕೊನೆಗೆ ರಾಕ್ಷಸನ ಹಾಗೆ ಹಾಡುತ್ತಾನಲ್ಲ, ಅದು ಅದ್ಭುತ" ಎಂದು ಗೆಳೆಯನಿಗೂ ಒಂದು ಕೊಂಡೊಯ್ದ. ನಾನು ಚಕಾರವೆತ್ತಲಿಲ್ಲ.

1991ರಲ್ಲಿ ಒಬ್ಬರು ಬೆಂಗಳೂರಿನಿಂದ ಅಸಲಿ ಕ್ಯಾಸೆಟ್ ತಂದು, ಮಧ್ಯಾಹ್ನದ ಹೊತ್ತು ಅಂಗಡಿಯಲ್ಲಿ ಹಾಕಿದರು. ಗಿಟಾರ್ ನಿಲ್ಲುವ ಜಾಗ ಬಂತು, ನಿಲ್ಲಲಿಲ್ಲ. ಆಮೇಲೆ ಆ ಒಂಟಿ ದನಿ. ಅವರು ಹೋದ ಮೇಲೆ ಅವರ ಕ್ಯಾಸೆಟ್ಟನ್ನು ಇಟ್ಟುಕೊಂಡು, ಬಾಗಿಲನ್ನು ಅರ್ಧ ಎಳೆದು ಮೂರು ಸಲ ಕೇಳಿದೆ. ಹಳೆಯ ತಾಯಿಯನ್ನು ಅಂದೇ ಅಳಿಸಿದೆ. ಗಿರಾಕಿಗಳಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಅವರೂ ಯಾರೂ ಕೇಳಲಿಲ್ಲ. ಆಟದಲ್ಲಿ ಆ ಪ್ರಶ್ನೆ ಹಾಕಿದ್ದು ಯಾರಾದರೂ ನಿಮ್ಮ ಹಾಗೆ ಹೇಳುತ್ತಾರೇನೋ ಎಂದು ನೋಡಲಿಕ್ಕೇ. ನೀವು ಹೇಳಿದಾಗ ನಕ್ಕವರಲ್ಲಿ ನಾನೂ ಒಬ್ಬ. ಅದಕ್ಕೆ ಕ್ಷಮೆ ಕೇಳುತ್ತೇನೆ.

ನಿಮ್ಮ ಲೆಕ್ಕಕ್ಕೆ ಅರ್ಧ ಅಂಕ ಸೇರಿಸಿದ್ದೇನೆ. ಪೂರ್ತಿ ಕೊಟ್ಟರೆ ಸಕಲೇಶಪುರದವರು ಮತ್ತೆ ಪತ್ರ ಬರೆಯುತ್ತಾರೆ. ಬರುವ ಎರಡನೆಯ ಭಾನುವಾರ ಕ್ಯಾಸೆಟ್ ತನ್ನಿ, ಎಲ್ಲರಿಗೂ ಒಮ್ಮೆ ಕೇಳಿಸೋಣ. ಜೊತೆಗೊಂದು ಪೆನ್ಸಿಲ್ ಇರಲಿ, ನನ್ನ ಪ್ಲೇಯರ್ ಈಚೆಗೆ ಟೇಪು ನುಂಗುತ್ತಿದೆ.